ಬೆಲೆಯ ಪಕ್ಕದಲ್ಲಿ ಉಳಿದ ಹೆಸರು

ನ್ಯೂ ಆರ್ಲಿಯನ್ಸ್‌ನಿಂದ ಬೆಳಿಗ್ಗೆ ಹೊರಡುವ ಪ್ರವಾಸಿ ಬಸ್ಸುಗಳು ಜೌಗುನೆಲದ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಹೆದ್ದಾರಿ ಹಿಡಿದು, ಒಂದು ಗಂಟೆಯ ಹೊತ್ತಿಗೆ ಮಿಸಿಸಿಪ್ಪಿ ನದಿಯ ದಂಡೆಗೆ ಬರುತ್ತವೆ. ನದಿ ಮಾತ್ರ ಕಾಣುವುದಿಲ್ಲ. ಪ್ರವಾಹ ತಡೆಯಲು ಹಾಕಿದ ಮಣ್ಣಿನ ಏರಿ ಉದ್ದಕ್ಕೂ ಅದನ್ನು ಮರೆಮಾಡಿದೆ. ಏರಿಯ ಈಚೆ ರಸ್ತೆ, ರಸ್ತೆಯ ಈಚೆ ಕಬ್ಬಿನ ಹೊಲ, ಹೊಲಗಳ ನಡುವೆ ರಾಸಾಯನಿಕ ಕಾರ್ಖಾನೆಗಳ ಚಿಮಣಿ, ಅಲ್ಲಲ್ಲಿ ಬಿಳಿಯ ಕಂಬಸಾಲಿನ ಹಳೆಯ ಮಹಲು. ಲೂಸಿಯಾನಾದ ಈ ದಾರಿಗೆ ರಿವರ್ ರೋಡ್ ಎಂದು ಹೆಸರು. ದಿನದ ಪ್ರವಾಸದಲ್ಲಿ ಸಾಮಾನ್ಯವಾಗಿ ಎರಡು ಪ್ಲಾಂಟೇಶನ್, ಎಂದರೆ ಗುಲಾಮರನ್ನು ದುಡಿಸಿ ಬೆಳೆ ತೆಗೆಯುತ್ತಿದ್ದ ದೊಡ್ಡ ತೋಟಗಳನ್ನು, ತೋರಿಸುತ್ತಾರೆ. ನಡುವೆ ಊಟ, ಸಂಜೆಗೆ ಮರಳಿ ಹೋಟೆಲು.

ಬಸ್ಸಿನಿಂದ ಇಳಿದವರನ್ನು ಯಾವ ಬಾಗಿಲಿಂದ ಒಳಗೆ ಕರೆಯುತ್ತಾರೆ ಎಂಬುದರ ಮೇಲೆ ಆ ದಿನವೆಲ್ಲ ನಿಂತಿದೆ. ದಶಕಗಳ ಕಾಲ ಇಲ್ಲಿ ಪ್ರವಾಸವೆಂದರೆ ಮಹಲಿನ ಮುಂಬಾಗಿಲು, ಊಟದ ಮೇಜಿನ ಪಿಂಗಾಣಿ, ಕೆತ್ತನೆಯ ಮಂಚ, ಮನೆಯೊಡತಿಯ ಉಡುಪು. ಹೊಲದಲ್ಲಿ ದುಡಿದವರ ಮಾತು ಬಂದರೂ ಆಳುಕಾಳುಗಳ ಮಾತಿನಂತೆ ಬಂದು ಹೋಗುತ್ತಿತ್ತು. ಈಗ ಹಾಗಿಲ್ಲ. ಎಲ್ಲ ಕಡೆಯೂ ಹಾಗಿಲ್ಲ ಎನ್ನುವುದು ಹೆಚ್ಚು ಸರಿ.

ವಾಶೆರಿ ಎಂಬ ಊರಿನ ಓಕ್ ಆ್ಯಲಿ ಈ ದಾರಿಯಲ್ಲೇ ಅತ್ಯಂತ ಪ್ರಸಿದ್ಧ. ನದಿಯ ಕಡೆಯಿಂದ ಮನೆಯವರೆಗೆ ಎರಡು ಸಾಲಿನಲ್ಲಿ 28 ಓಕ್ ಮರಗಳು. ಕೊಂಬೆಗಳು ಮೇಲೆ ಒಂದಕ್ಕೊಂದು ತೆಕ್ಕೆ ಹಾಕಿಕೊಂಡಿವೆ, ಕೆಲವು ನೆಲದವರೆಗೆ ಬಾಗಿ ಮತ್ತೆ ಎದ್ದಿವೆ. ಸಾಲಿನ ಕೊನೆಗೆ 28 ಕಂಬಗಳ ಮನೆ. ಝಾಕ್ ಟೆಲೆಸ್ಫೋರ್ ರೋಮನ್ ಎಂಬ ಕಬ್ಬಿನ ತೋಟಗಾರನಿಗಾಗಿ ಕಟ್ಟಿದ್ದು, 1839ರಲ್ಲಿ ಮುಗಿಯಿತು. ಅಲ್ಲಿ ನಿಂತವರಿಗೆ ಚೆಂದ ಎನಿಸದೆ ಇರುವುದಿಲ್ಲ, ನನಗೂ ಎನಿಸಿತು. ಚೆಂದವನ್ನು ಅಲ್ಲಗಳೆಯುವುದು ಸುಳ್ಳಾಗುತ್ತದೆ. ಮರ ಯಾರ ಪಾಪವನ್ನೂ ಹೊತ್ತಿಲ್ಲ. ಆದರೆ ನೆರಳು ಎಷ್ಟು ತಂಪಾಗಿದೆಯೆಂದರೆ, ಮನೆಯ ಹಿಂದಕ್ಕೆ ಹೋಗುವ ಮನಸ್ಸೇ ಕೆಲವರಿಗೆ ಆಗುವುದಿಲ್ಲ. ಹಿಂದೆ, ಗುಲಾಮರು ಬದುಕಿದ್ದ ಗುಡಿಸಲುಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿ ಆಂಟ್ವಾನ್ ಎಂಬಾತನ ಕಥೆ ಸಿಗುತ್ತದೆ.

ಪೀಕಾನ್ ಎಂಬುದು ಅಮೆರಿಕದ ಕಾಡುಗಳಲ್ಲೇ ಬೆಳೆಯುತ್ತಿದ್ದ ಕಾಯಿ, ಅಕ್ರೋಟಿನ ಕುಟುಂಬದ್ದು. ಬೀಜ ಹಾಕಿದರೆ ತಾಯಿಮರದ ಗುಣ ಬರುತ್ತದೆಂಬ ಖಾತ್ರಿಯಿಲ್ಲ. ಒಂದು ಸಿಹಿಯಾಗಿ ದಪ್ಪಗಿದ್ದರೆ ಅದರ ಮರಿ ಸಣ್ಣಗೆ, ಗಟ್ಟಿ ಚಿಪ್ಪಿನದಾಗಬಹುದು. ವೈದ್ಯರೊಬ್ಬರು ಒಳ್ಳೆಯ ಮರವೊಂದರ ಕಡ್ಡಿಗಳನ್ನು ಕಸಿ ಕಟ್ಟಲು ಹೋಗಿ ಸೋತು, ಅವನ್ನು ರೋಮನ್‌ಗೆ ತಂದುಕೊಟ್ಟರು. ತೋಟದ ಕೆಲಸ ನೋಡಿಕೊಳ್ಳುತ್ತಿದ್ದ ಗುಲಾಮ ಆಂಟ್ವಾನ್ 1846-47ರ ಚಳಿಗಾಲದಲ್ಲಿ 16 ಮರಗಳಿಗೆ ಕಸಿ ಕಟ್ಟಿದ, ಅವು ಹಿಡಿದವು. 1876ರಲ್ಲಿ, ಅಮೆರಿಕದ ಸ್ವಾತಂತ್ರ್ಯದ ನೂರನೆಯ ವರ್ಷಕ್ಕೆ ಫಿಲಡೆಲ್ಫಿಯಾದಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಆ ತಳಿಯ ಕಾಯಿಗಳಿಗೆ ಮನ್ನಣೆ ಸಿಕ್ಕಿತು. ಸೆಂಟೆನಿಯಲ್ ಎಂಬ ಹೆಸರೂ ಬಂತು. ಇಂದು ಆ ದೇಶದಲ್ಲಿ ಸಾಲುಸಾಲಾಗಿ ನಿಂತಿರುವ ಪೀಕಾನ್ ತೋಟಗಳ ಬೇಸಾಯಕ್ಕೆಲ್ಲ ಮೊದಲು ದಾರಿ ತೋರಿದ್ದು ಆ ಕೈ.

ಆಂಟ್ವಾನ್ ಬಗ್ಗೆ ನಮಗೆ ಗೊತ್ತಿರುವುದು ಹೇಗೆ? 1848ರಲ್ಲಿ ರೋಮನ್ ತೀರಿಕೊಂಡ. ಆಸ್ತಿ ಪಾಲಿಗಾಗಿ ಮನೆ, ಎತ್ತು, ಕುದುರೆ, ಕೊಪ್ಪರಿಗೆಗಳ ಜೊತೆಗೆ ಮನುಷ್ಯರನ್ನೂ ಪಟ್ಟಿ ಮಾಡಿದರು. ಅದರಲ್ಲಿ ಒಂದು ಸಾಲು: ಆಂಟ್ವಾನ್, 38 ವರ್ಷ, ತೋಟಗಾರ, ಪೀಕಾನ್ ಕಸಿಯಲ್ಲಿ ನಿಪುಣ, ಬೆಲೆ 1,000 ಡಾಲರ್. ಆತ ಆಮೇಲೆ ಎಲ್ಲಿ ಹೋದ, ಹೆಂಡತಿ ಮಕ್ಕಳು ಇದ್ದರೇ, 1865ರ ಬಿಡುಗಡೆಯನ್ನು ಕಂಡನೇ, ಆ ಪಟ್ಟಿಯಲ್ಲಿ ಏನೂ ಇಲ್ಲ. ಬೆಲೆ ಕಟ್ಟಬೇಕಾಗಿತ್ತು, ಅದಕ್ಕಾಗಿ ಹೆಸರು ಬರೆದರು. ಕಸುಬಿನಿಂದ ಬೆಲೆ ಏರುತ್ತಿತ್ತು, ಅದಕ್ಕಾಗಿ ಕಸುಬನ್ನೂ ಬರೆದರು.

ಆ ದಿನದ ಉಳಿದ ಹೊತ್ತೆಲ್ಲ ನನ್ನ ಮನಸ್ಸು ಇಲ್ಲೇ ಸುತ್ತುತ್ತಿತ್ತು. ಈ ದಾರಿಯಲ್ಲಿ ಪ್ರವಾಸಿಗರಿಗೆ ಹೇಳುವ ಗುಲಾಮರ ಕಥೆಗಳಲ್ಲಿ ಬಹುಪಾಲು ಅವರನ್ನು ಮಾರಿದವರ, ಕೊಂಡವರ, ಅಡವಿಟ್ಟವರ ಕಾಗದದಿಂದ ಹೆಕ್ಕಿದವು. ಅಮೆರಿಕ ಸರ್ಕಾರ 1850 ಮತ್ತು 1860ರಲ್ಲಿ ಗುಲಾಮರನ್ನು ಬೇರೆಯಾಗಿ ಎಣಿಸಿತು. ಆ ಎಣಿಕೆಯ ಹಾಳೆಗಳಲ್ಲಿ ಮಾಲೀಕನ ಹೆಸರಿದೆ, ಕೆಳಗೆ ವಯಸ್ಸು, ಲಿಂಗ, ಮೈಬಣ್ಣ. ಅಪರೂಪಕ್ಕೆ ಬಿಟ್ಟರೆ ಆ ಮನುಷ್ಯನ ಹೆಸರಿಲ್ಲ. 1860ರಲ್ಲಿ ಹಾಗೆ ಎಣಿಸಲ್ಪಟ್ಟವರು ಸುಮಾರು 40 ಲಕ್ಷ. ಸರ್ಕಾರ ಬರೆಯದ ಹೆಸರನ್ನು ವ್ಯಾಪಾರ ಬರೆದಿಟ್ಟಿತು. ಇದನ್ನು ಯೋಚಿಸಿದಷ್ಟೂ ಹೊಟ್ಟೆಯಲ್ಲಿ ಸಂಕಟ. ಆ ಕಾಗದಕ್ಕೆ ಕೃತಜ್ಞರಾಗುವುದು ಹೇಗೆ? ಅದನ್ನು ಬಿಟ್ಟು ಬದುಕುವುದಾದರೂ ಹೇಗೆ?

ಗ್ವೆಂಡೊಲಿನ್ ಮಿಡ್ಲೊ ಹಾಲ್ ಎಂಬ ಇತಿಹಾಸಕಾರ್ತಿ ಆ ಕಾಗದಗಳೊಂದಿಗೇ ವರ್ಷಗಟ್ಟಲೆ ಕಳೆದರು. ಲೂಸಿಯಾನಾದ ಜಿಲ್ಲಾ ಕಚೇರಿಗಳ ಹಳೆಯ ಫ್ರೆಂಚ್, ಸ್ಪ್ಯಾನಿಷ್ ದಸ್ತಾವೇಜುಗಳಲ್ಲಿ ಕ್ರಯಪತ್ರ, ಮರಣಾನಂತರದ ಆಸ್ತಿಪಟ್ಟಿ, ಓಡಿಹೋದವರ ವಿಚಾರಣೆಗಳನ್ನು ಒಂದೊಂದಾಗಿ ಓದಿ, 1820ರವರೆಗೆ ಅಲ್ಲಿ ಗುಲಾಮರಾಗಿದ್ದವರ ಸುಮಾರು 1,07,000 ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಿದರು. ಇವರು ಬಂಬಾರ, ಇವರು ವೊಲೊಫ್, ಇವರು ಕಾಂಗೊ ಎಂದು ಆಫ್ರಿಕಾದ ಮೂಲಜನಾಂಗಗಳ ಹೆಸರೂ ಅವುಗಳಲ್ಲಿ ಸಿಕ್ಕವು. ಅಲ್ಲಿಯವರೆಗೆ, ಸಮುದ್ರ ದಾಟಿ ಬಂದವರ ಊರುಕೇರಿಯ ನೆನಪೆಲ್ಲ ಅಳಿಸಿಹೋಗಿದೆ ಎಂದೇ ಅನೇಕ ಪಂಡಿತರು ನಂಬಿದ್ದರು. ಹಾಲ್ 2022ರಲ್ಲಿ ತೀರಿಕೊಂಡರು.

ಅವರು ಕೂಡಿಸಿದ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿರುವುದು ವಿಟ್ನಿ ಪ್ಲಾಂಟೇಶನ್‌ನಲ್ಲಿ, ವ್ಯಾಲೆಸ್ ಎಂಬ ಹಳ್ಳಿಯ ಬಳಿ. ಆಂಬ್ರ್ವಾಜ್ ಹೈಡೆಲ್ ಎಂಬ ಜರ್ಮನ್ ವಲಸಿಗ 1752ರಲ್ಲಿ ಶುರುಮಾಡಿದ ತೋಟ ಅದು. ನ್ಯೂ ಆರ್ಲಿಯನ್ಸ್‌ನ ವಕೀಲ ಜಾನ್ ಕಮಿಂಗ್ಸ್ 1999ರಲ್ಲಿ ಕೊಂಡು, ಸೆನೆಗಲ್‌ನ ಇತಿಹಾಸಕಾರ ಇಬ್ರಾಹಿಮಾ ಸೆಕ್ ಅವರ ಸಂಶೋಧನೆಯ ಬಲದಿಂದ 2014ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದರು. ಇಲ್ಲಿ ಮಹಲು ಮೊದಲಿಗೆ ಬರುವುದಿಲ್ಲ. ಬಿಡುಗಡೆಯಾದ ಜನ ತಮಗಾಗಿ ಕಟ್ಟಿಕೊಂಡಿದ್ದ ಮರದ ಚರ್ಚೊಂದನ್ನು ಬೇರೆಡೆಯಿಂದ ತಂದು ನಿಲ್ಲಿಸಿದ್ದಾರೆ. ಅದರೊಳಗೆ ಬೆಂಚುಗಳ ಪಕ್ಕ, ಗೋಡೆಯ ಬಳಿ ಮಕ್ಕಳು ನಿಂತಿದ್ದಾರೆ, ಕೂತಿದ್ದಾರೆ. ವುಡ್ರೋ ನ್ಯಾಶ್ ಎಂಬ ಶಿಲ್ಪಿ ಮಾಡಿದ, ನಿಜವಾದ ಮಕ್ಕಳಷ್ಟೇ ಎತ್ತರದ ಪ್ರತಿಮೆಗಳು. ಮಕ್ಕಳೇ ಏಕೆಂದರೆ, 1936ರಿಂದ 1938ರವರೆಗೆ ಸರ್ಕಾರದ ಬರಹಗಾರರ ಯೋಜನೆಯವರು ಬದುಕುಳಿದಿದ್ದ 2,300ಕ್ಕೂ ಹೆಚ್ಚು ಮಾಜಿ ಗುಲಾಮರ ಮಾತುಗಳನ್ನು ಬರೆದುಕೊಂಡಾಗ ಅವರೆಲ್ಲ ಮುದುಕರು. ಬಿಡುಗಡೆಯ ಹೊತ್ತಿಗೆ ಮಕ್ಕಳಾಗಿದ್ದವರು. ಕಾಗದದಲ್ಲಿ ಅವರದೇ ಬಾಯಿಮಾತು ಇಷ್ಟು ದೊಡ್ಡ ಪ್ರಮಾಣದಲ್ಲಿ ದೊರೆತದ್ದು ಆಗ, ಗುಲಾಮಗಿರಿ ಮುಗಿದು ಎಪ್ಪತ್ತು ವರ್ಷದ ಮೇಲೆ.

ವಿಟ್ನಿಯಲ್ಲಿ ಇನ್ನೊಂದು ಜಾಗವಿದೆ. ಆ ಜಿಲ್ಲೆಯಲ್ಲಿ ತೀರಿಕೊಂಡ 2,200 ಗುಲಾಮ ಮಕ್ಕಳ ಹೆಸರುಗಳ ಅಂಗಳ. ಚರ್ಚಿನ ದಾಖಲೆಗಳಿಂದ ತೆಗೆದವು. ಅಲ್ಲಿ ನಮ್ಮ ಗುಂಪಿನವರು ಮಾತಾಡುವುದನ್ನು ನಿಲ್ಲಿಸಿದರು. ಆ ಜಾಗದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಆವರಣದಲ್ಲಿ ಅಲ್ಲಲ್ಲಿ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳು ಬಿದ್ದಿವೆ. ಮಂಡ್ಯ ಸೀಮೆಯ ಆಲೆಮನೆ ನೋಡಿದವರಿಗೆ ಅವು ಏನೆಂದು ಯಾರೂ ಹೇಳಬೇಕಿಲ್ಲ. ಅದೇ ಬಾಯಗಲ, ಅದೇ ಒಲೆಯ ಮೇಲೆ ಕೂರುವ ಬೆನ್ನು. ಆಲೆಮನೆಯ ಮುಂದೆ ಹಾದುಹೋಗುವವರನ್ನೂ ಕರೆದು ಕಬ್ಬಿನ ಹಾಲು, ಬಿಸಿ ಬೆಲ್ಲ ಕೊಡುವ ವಾಡಿಕೆ ನಮ್ಮದು. ಹಾಗಾಗಿ ಆ ಪಾತ್ರೆ ಕಂಡ ಕೂಡಲೇ ಮನಸ್ಸು ಹಿಗ್ಗಿತು, ಮರುಗಳಿಗೆಯೇ ಮುದುಡಿತು. ಲೂಸಿಯಾನಾ ಕಬ್ಬಿಗೆ ಹೇಳಿಮಾಡಿಸಿದ ನಾಡಲ್ಲ. ಚಳಿಗಾಲದ ಹಿಮ ಬಿದ್ದರೆ ಬೆಳೆ ಹಾಳು. ಅಕ್ಟೋಬರ್‌ನಿಂದ ವರ್ಷದ ಕೊನೆಯವರೆಗೆ ಕಡಿಯುವುದು, ಅರೆಯುವುದು, ಕಾಯಿಸುವುದು ಹಗಲೂ ರಾತ್ರಿ ನಡೆಯಬೇಕಿತ್ತು. ನಿದ್ದೆಗಣ್ಣಿನಲ್ಲಿ ಗಾಣದ ಉರುಳೆಗೆ ಕೈ ಸಿಕ್ಕಿಸಿಕೊಂಡವರು, ಕುದಿಯುವ ರಸವನ್ನು ಪಾತ್ರೆಯಿಂದ ಪಾತ್ರೆಗೆ ಮೊಗೆಯುವಾಗ ಸುಟ್ಟುಕೊಂಡವರು ಎಷ್ಟೋ ಮಂದಿ. ಕಬ್ಬಿನ ಸೀಮೆಗಳಲ್ಲಿ ಗುಲಾಮರ ಹುಟ್ಟಿಗಿಂತ ಸಾವೇ ಹೆಚ್ಚಿತ್ತು. ಕೊರತೆ ತುಂಬಲು ಮತ್ತೆ ಕೊಳ್ಳುತ್ತಿದ್ದರು. 1808ರಲ್ಲಿ ಹೊರದೇಶದಿಂದ ಗುಲಾಮರನ್ನು ತರುವುದನ್ನು ಕಾನೂನು ನಿಷೇಧಿಸಿದ ಮೇಲೆ, ದೇಶದೊಳಗೇ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಗಳಿಂದ ಸುಮಾರು ಹತ್ತು ಲಕ್ಷ ಜನರನ್ನು ಕೆಳದಕ್ಷಿಣಕ್ಕೆ ಸಾಗಿಸಿದರು. ಆ ವ್ಯಾಪಾರದ ಅತಿ ದೊಡ್ಡ ಸಂತೆ ನಡೆಯುತ್ತಿದ್ದುದು, ನಮ್ಮ ಬಸ್ಸು ಬೆಳಿಗ್ಗೆ ಹೊರಟ ಊರಿನಲ್ಲಿ.

ಆ ತೆರೆದ ಕೊಪ್ಪರಿಗೆಗಳಿಗೆ ಬದಲಾಗಿ ಬೇರೆ ಉಪಾಯ ಹುಡುಕಿದವರೂ ಆ ನಾಡಿನವರೇ. ನಾರ್ಬರ್ಟ್ ರಿಲ್ಯೂ, 1806ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದವರು, ಬಿಳಿಯ ತಂದೆ ಮತ್ತು ಕಪ್ಪು ಮೂಲದ ತಾಯಿಯ ಮಗ, ಪ್ಯಾರಿಸ್‌ನಲ್ಲಿ ಓದಿದ ಎಂಜಿನಿಯರ್. ಒಂದು ಪಾತ್ರೆಯ ಆವಿಯಿಂದಲೇ ಮುಂದಿನ ಪಾತ್ರೆಯನ್ನು ಕಾಯಿಸುವ ಅವರ ಯಂತ್ರಕ್ಕೆ 1843ರಲ್ಲಿ ಪೇಟೆಂಟ್ ಸಿಕ್ಕಿತು. ಮಂಡ್ಯ, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳಲ್ಲಿ ಇವತ್ತು ರಸ ಇಂಗುವುದೂ ಅದೇ ತತ್ವದ ಮೇಲೆ. ಅಂಥ ಮನುಷ್ಯ ತಮ್ಮ ಮೈಬಣ್ಣದ ಕಾರಣಕ್ಕೆ ದಿನೇದಿನೇ ಬಿಗಿಯಾಗುತ್ತಿದ್ದ ಕಟ್ಟಳೆಗಳ ನಡುವೆ ಬದುಕಿ, ಕೊನೆಗೆ ಫ್ರಾನ್ಸಿಗೇ ಮರಳಿದರು.

ಮಾಲೀಕರ ಲೆಕ್ಕದ ಪುಸ್ತಕಕ್ಕೆ ಸಿಗದೆ ಉಳಿದದ್ದೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಓಕ್ ಆ್ಯಲಿಗೆ ಹತ್ತಿರದ ಲಾರಾ ಪ್ಲಾಂಟೇಶನ್‌ನ ಸುತ್ತಮುತ್ತ 1870ರ ದಶಕದಲ್ಲಿ ಆಲ್ಸೇ ಫಾರ್ಟಿಯೇ ಎಂಬ ವಿದ್ವಾಂಸ ಕರಿಯ ಜನರ ಬಾಯಿಂದ ಕಥೆಗಳನ್ನು ಕೇಳಿ ಬರೆದುಕೊಂಡರು. ಜಾಣ ಮೊಲ, ಮೋಸಹೋಗುವ ಕತ್ತೆಕಿರುಬ. ಅಮೆರಿಕದ ಕಾಡಿನಲ್ಲಿ ಕತ್ತೆಕಿರುಬವೇ ಇಲ್ಲ. ಅದು ಸೆನೆಗಲ್ ಕಡೆಯ ಬಯಲಿನ ಪ್ರಾಣಿ. ಹಡಗಿನ ತಳದಲ್ಲಿ ಸರಪಳಿ ಹಾಕಿಸಿಕೊಂಡು ಬಂದವರು ಅದನ್ನು ನೆನಪಿನಲ್ಲಿ ಇಟ್ಟುಕೊಂಡು ಬಂದಿದ್ದರು. ಅದನ್ನು ಎಂದೂ ನೋಡದ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿದರು. ದೊಡ್ಡವನನ್ನು ಸಣ್ಣವನು ಬುದ್ಧಿಯಿಂದ ಗೆಲ್ಲುವ ಕಥೆಯನ್ನು ಆ ಗುಡಿಸಲುಗಳಲ್ಲಿ ಕೇಳುತ್ತಿದ್ದವರ ಮುಖಗಳನ್ನು ಕಲ್ಪಿಸಿಕೊಳ್ಳುತ್ತ ನಾನು ಗೈಡ್ ಹೇಳುತ್ತಿದ್ದ ಒಂದಿಷ್ಟು ಮಾತು ಕಳೆದುಕೊಂಡೆ. ಆ ಮನೆಯ ಮಗಳು ಲಾರಾ ಲೊಕೂಲ್ ಬರೆದ ನೆನಪುಗಳಲ್ಲಿ ಒಂದು ಪ್ರಸಂಗವಿದೆ. ಬಾಲ್ಯದಲ್ಲಿ ಒಬ್ಬ ಮುದುಕನ ಮುಖದ ಮೇಲೆ ಸುಟ್ಟ ಗುರುತು ಕಾಣುತ್ತಾಳೆ, ತನ್ನದೇ ಮನೆತನದವರು ಕಬ್ಬಿಣ ಕಾಯಿಸಿ ಒತ್ತಿದ ಗುರುತು. ಅದು ಅವಳ ಮನಸ್ಸಿನಿಂದ ಹೋಗಲಿಲ್ಲ.

2025ರ ಮೇ 15ರಂದು ಇದೇ ನದಿಯ ದಂಡೆಯಲ್ಲಿ ನಾಟೊವೇ ಎಂಬ ಮಹಲು ಸುಟ್ಟುಹೋಯಿತು. ಅಮೆರಿಕದ ದಕ್ಷಿಣದಲ್ಲಿ, ಗುಲಾಮಗಿರಿಯನ್ನು ಕೊನೆಗಾಣಿಸಿದ ಅಂತರ್ಯುದ್ಧಕ್ಕೆ ಮುಂಚಿನ ಕಾಲದಿಂದ ಉಳಿದ ಅತಿ ದೊಡ್ಡ ಮನೆ ಎಂದು ಹೆಸರಾಗಿದ್ದ ಅದು ನಮ್ಮ ಕಾಲದಲ್ಲಿ ಹೋಟೆಲಾಗಿತ್ತು, ಮದುವೆಗಳು ನಡೆಯುತ್ತಿದ್ದವು. 1860ರ ಎಣಿಕೆಯಂತೆ ಅದರ ಮಾಲೀಕನ ವಶದಲ್ಲಿದ್ದ ಗುಲಾಮರು 155. ಬೆಂಕಿಯ ಚಿತ್ರ ನೋಡಿ ಕೆಲವರು ಅತ್ತರು, ಕೆಲವರು ಸಂಭ್ರಮಿಸಿದರು. ಸಂಭ್ರಮಿಸಿದವರ ಎದೆಯಲ್ಲಿ ಏನಿತ್ತೆಂದು ತಿಳಿಯುವುದು ಕಷ್ಟವಲ್ಲ. ಅವರನ್ನು ತಪ್ಪೆನ್ನುವ ಹಕ್ಕು ನನಗಿಲ್ಲ. ನನಗಾದದ್ದು ದುಃಖ. ಮಾಲೀಕನ ವೈಭವಕ್ಕಲ್ಲ. ಆ ಸಂಪತ್ತನ್ನೆಲ್ಲ ದುಡಿದುಕೊಟ್ಟ 155 ಮಂದಿಗೆ ಅದಲ್ಲದೆ ಬೇರೆ ಸಾಕ್ಷಿ ಎಷ್ಟಿತ್ತು? ಆದರೆ ಅಂಥ ಅಂಗಳದಲ್ಲಿ ಚಪ್ಪರ ಹಾಕಿ ಮದುವೆಯಾಗುವುದು ನನಗೆ ಒಗ್ಗದ ಸಂಗತಿ. 2019ರ ಡಿಸೆಂಬರ್‌ನಲ್ಲಿ ಮದುವೆಯ ಸಿದ್ಧತೆಗೆ ಜನ ನೋಡುವ ಜಾಲತಾಣಗಳಾದ ಪಿಂಟರೆಸ್ಟ್ ಮತ್ತು ದಿ ನಾಟ್ ಪ್ಲಾಂಟೇಶನ್ ಮದುವೆಗಳಿಗೆ ಪ್ರಚಾರ ಕೊಡುವುದರಿಂದ ಹಿಂದೆ ಸರಿದದ್ದು ಸರಿಯಾದ ಕೆಲಸ.

ದಿನದ ಪ್ರವಾಸದ ಬಸ್ಸುಗಳು ನಿಲ್ಲದೆ ಹೋಗುವ ಊರುಗಳೂ ಈ ದಾರಿಯಲ್ಲಿವೆ. ಬಿಡುಗಡೆಯ ನಂತರ ಅದೇ ಕಬ್ಬಿನ ಹೊಲಗಳ ಅಂಚಿನಲ್ಲಿ ನೆಲೆನಿಂತವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಇಂದಿಗೂ ಇದ್ದಾರೆ, ಕಾರ್ಖಾನೆಗಳ ಹೊಗೆಯ ಕೆಳಗೆ. ವ್ಯಾಲೆಸ್‌ನ ಅವಳಿ ಸಹೋದರಿಯರು ಜಾಯ್ ಮತ್ತು ಜೋ ಬ್ಯಾನರ್ ಕಟ್ಟಿದ ಡಿಸೆಂಡೆಂಟ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ, ಹಳ್ಳಿಯ ಬದಿಯಲ್ಲಿ ಬರಲಿದ್ದ ಭಾರಿ ಧಾನ್ಯ ರಫ್ತು ಕೇಂದ್ರದ ವಿರುದ್ಧ ವರ್ಷಗಟ್ಟಲೆ ಹೋರಾಡಿತು; 2024ರಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು. ಅದೇ ವರ್ಷ ಅವರು ಲಪ್ಲಾಸ್‌ನ ವುಡ್‌ಲ್ಯಾಂಡ್ ಪ್ಲಾಂಟೇಶನ್‌ನ ಮನೆಯನ್ನು ಕೊಂಡರು. 1811ರ ಜನವರಿಯಲ್ಲಿ ಚಾರ್ಲ್ಸ್ ಡೆಲಾಂಡ್ ನಾಯಕತ್ವದಲ್ಲಿ ಗುಲಾಮರು ದಂಗೆಯೆದ್ದು ನ್ಯೂ ಆರ್ಲಿಯನ್ಸ್ ಕಡೆಗೆ ಹೊರಟದ್ದು ಅಲ್ಲಿಂದ. ದಂಗೆಯನ್ನು ಅಡಗಿಸಿದವರು ಸತ್ತವರ ತಲೆಗಳನ್ನು ನದಿಯುದ್ದಕ್ಕೂ ಕಂಬಗಳಿಗೆ ಚುಚ್ಚಿ ನಿಲ್ಲಿಸಿದ್ದರು.

ಈಗ ಆ ಮನೆಯ ಬೀಗದ ಕೈ ಇರುವುದು ಗುಲಾಮರ ವಂಶಸ್ಥರ ಬಳಿ. ಈ ಸೀಮೆಯಲ್ಲಿ ತಮ್ಮ ಹಿರಿಯರನ್ನು ಹುಡುಕುವವರಿಗೆ 1870ರ ಜನಗಣತಿಯವರೆಗೆ ದಾರಿ ಸುಗಮ. ಕರಿಯ ಕುಟುಂಬಗಳನ್ನೆಲ್ಲ ಹೆಸರು ಹಿಡಿದು ಬರೆದ ಮೊದಲ ಗಣತಿ ಅದು. ಅದಕ್ಕಿಂತ ಹಿಂದೆ ಹೋಗಬೇಕೆಂದರೆ ಮತ್ತೆ ಅದೇ ಕ್ರಯಪತ್ರ, ಅದೇ ಆಸ್ತಿಪಟ್ಟಿ. ಮಾಲೀಕನ ಹೆಸರಿನಿಂದ ಶುರುಮಾಡಿ, ಎತ್ತು ಕುದುರೆಗಳ ಸಾಲು ದಾಟಿ, ವಯಸ್ಸು ಕಸುಬುಗಳ ಮೇಲೆ ಬೆರಳಿಟ್ಟು ಇಳಿಯುತ್ತ, ತಾಯಿಯ ಪಕ್ಕದಲ್ಲೇ ಬರೆದ ಮಗುವಿನ ಹೆಸರು ಸಿಕ್ಕರೆ ಅದನ್ನು ತಮ್ಮ ಮನೆಯ ವಂಶಾವಳಿಗೆ ಬರೆದುಕೊಳ್ಳುತ್ತಾರೆ. ಎದುರಿಗಿರುವ ಡಾಲರಿನ ಅಂಕಿಯನ್ನು ಅಲ್ಲೇ ಬಿಡುತ್ತಾರೆ.