ನಟನಿಗೆ ದಣಿಯುವ ಹಕ್ಕಿದೆಯೇ?

ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ ನಾಟಕಕ್ಕೆ ಹೋದವರಿಗೆ ಒಮ್ಮೊಮ್ಮೆ ಬಾಗಿಲಲ್ಲಿ ಒಂದು ಚೀಟಿ ಸಿಗುತ್ತದೆ. ಇಂದಿನ ಆಟದಲ್ಲಿ ಇಂಥ ಪಾತ್ರವನ್ನು ಇಂಥವರು ಮಾಡುತ್ತಾರೆ ಎಂದಷ್ಟೇ ಅದರಲ್ಲಿರುತ್ತದೆ. ಮೂಲ ನಟ ಯಾಕೆ ಬಂದಿಲ್ಲ, ಜ್ವರವೋ, ಗಂಟಲು ಕಟ್ಟಿದೆಯೋ, ಮೊಣಕಾಲು ಕೈಕೊಟ್ಟಿದೆಯೋ, ಒಂದೂ ಗೊತ್ತಾಗುವುದಿಲ್ಲ. ಆ ಚೀಟಿ ಓದಿದವರ ಮುಖ ನೋಡಬೇಕು. ತಿಂಗಳ ಮೊದಲೇ ದುಬಾರಿ ಟಿಕೆಟ್ ಕೊಂಡು, ರೈಲು ಹಿಡಿದು ಬಂದವರು. ‘ಛೇ’ ಅನ್ನುತ್ತಾರೆ. ಆ ‘ಛೇ’ ನ್ಯಾಯವೇ ಎನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ.

ವೆಸ್ಟ್ ಎಂಡ್‌ನ ವಾಡಿಕೆ ವಾರಕ್ಕೆ ಎಂಟು ಪ್ರದರ್ಶನ. ಆರು ದಿನ ಕೆಲಸ, ಅದರಲ್ಲಿ ಎರಡು ದಿನ ಮಧ್ಯಾಹ್ನವೂ ಸಂಜೆಯೂ ಆಟ. ಅಂದರೆ ಒಂದೇ ದಿನದಲ್ಲಿ ಎರಡು ಸಲ ಮಗನನ್ನು ಕಳೆದುಕೊಂಡು ಅಳಬೇಕು, ನಡುವೆ ಒಂದು ಸ್ಯಾಂಡ್‌ವಿಚ್ ತಿನ್ನಬೇಕು. ನಮ್ಮ ವೃತ್ತಿಯಲ್ಲೂ ದಣಿವು ಕಡಿಮೆಯಲ್ಲ. ಇಲ್ಲಿ ಜನವರಿ 31 ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನ. ಆ ತಿಂಗಳಿಡೀ ಲೆಕ್ಕಪತ್ರದವರ ಕಣ್ಣು ಕೆಂಪು. ಆದರೆ ಆ ಕೆಂಪುಕಣ್ಣನ್ನು ನಾನು ಯಾರಿಂದಲೂ ಮುಚ್ಚಿಡಬೇಕಿಲ್ಲ. ಕ್ಲೈಂಟ್ ನೋಡಿದರೆ ‘ಪಾಪ, ನಿದ್ದೆಗೆಟ್ಟು ನಮ್ಮ ಕೆಲಸ ಮಾಡುತ್ತಿದ್ದಾನೆ’ ಎಂದು ಇನ್ನಷ್ಟು ಮೆಚ್ಚಿಕೊಳ್ಳುತ್ತಾರೆ. ಆಕಳಿಸುತ್ತಾ ಮಾಡಿದ ಬ್ಯಾಲೆನ್ಸ್ ಶೀಟ್ ತಾಳೆಯಾದರೆ ಅದು ಸರಿಯಾದ ಬ್ಯಾಲೆನ್ಸ್ ಶೀಟೇ. ಆಕಳಿಸುತ್ತಾ ಆಡಿದ ಹ್ಯಾಮ್ಲೆಟ್ ಹ್ಯಾಮ್ಲೆಟ್ ಅಲ್ಲ. ದಣಿವನ್ನು ಮುಚ್ಚಿಡುವುದೂ ನಟನ ಕೆಲಸದ ಒಂದು ಭಾಗ. ಹಾಗಾಗಿ ಅವನು ನಿಪುಣನಾದಷ್ಟೂ ಅವನ ದಣಿವಿಗೆ ಸಾಕ್ಷಿಗಳು ಕಡಿಮೆಯಾಗುತ್ತಾರೆ.

ಇದರ ಕಟ್ಟಕಡೆಯ ಉದಾಹರಣೆ ಟಾಮಿ ಕೂಪರ್. 1984ರ ಏಪ್ರಿಲ್ 15ರಂದು ಲಂಡನ್ನಿನ ರಂಗಮಂದಿರವೊಂದರಲ್ಲಿ, ಟೀವಿಯಲ್ಲಿ ನೇರ ಪ್ರಸಾರವಾಗುತ್ತಿದ್ದ ಕಾರ್ಯಕ್ರಮದಲ್ಲಿ, ಈ ಹಾಸ್ಯಗಾರ ಹೃದಯಾಘಾತದಿಂದ ಕುಸಿದರು. ಜನ ಅದೂ ತಮಾಷೆಯ ಭಾಗವೆಂದುಕೊಂಡು ನಕ್ಕರು. ಅವರನ್ನು ಕ್ರೂರಿಗಳೆನ್ನಲು ನನಗೆ ಮನಸ್ಸಿಲ್ಲ. ನಗಿಸುವುದಕ್ಕೆಂದೇ ನಿಂತವನು ಬಿದ್ದರೆ ನಗದೆ ಮತ್ತೇನು ಮಾಡಬೇಕಿತ್ತು?

ಹದಿನೆಂಟನೆಯ ಶತಮಾನದ ಫ್ರೆಂಚ್ ಚಿಂತಕ ದಿದೆರೊ ನಟರ ಬಗ್ಗೆ ಒಂದು ಸಂವಾದ ಬರೆದಿದ್ದಾನೆ. ದೊಡ್ಡ ನಟ ಒಳಗೆ ತಣ್ಣಗಿರುತ್ತಾನೆ, ನಿಜವಾಗಿ ಅನುಭವಿಸುತ್ತಾ ಆಡುವವನು ಮೊದಲ ದಿನ ಉರಿದು ಮೂರನೆಯ ದಿನಕ್ಕೆ ಬರಿದಾಗುತ್ತಾನೆ ಎಂಬುದು ಅವನ ವಾದ. ಪ್ರೇಕ್ಷಕರಿಗೆ ಇದರಿಂದ ನೆಮ್ಮದಿ: ಅಳುವವನಿಗೆ ನಿಜಕ್ಕೂ ನೋವಿಲ್ಲವಲ್ಲ! ಆದರೆ ಆಟ ಮುಗಿದಾಗ ನಟನ ಮೈಯೂ ದನಿಯೂ ಸೋತಿರುತ್ತವೆ ಎಂದು ದಿದೆರೊನೇ ಒಪ್ಪುತ್ತಾನೆ. ಮನಸ್ಸು ಸುಳ್ಳಳು ಅತ್ತರೂ ಪಕ್ಕೆಲುಬಿಗೆ ಅದು ಗೊತ್ತಾಗುವುದಿಲ್ಲ. ಅದು ನಿಜವಾಗಿಯೇ ಏರಿಳಿಯುತ್ತದೆ.

ನಮ್ಮ ಕರಾವಳಿಯಲ್ಲಿ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ. ದೀಪಾವಳಿಯ ಆಸುಪಾಸಿಗೆ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದು ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ. ಹತ್ತಿರ ಹತ್ತಿರ ಆರು ತಿಂಗಳು, ಇವತ್ತೊಂದು ಊರು, ನಾಳೆ ಇನ್ನೊಂದು. ತೆಂಕುತಿಟ್ಟಿನ ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಟ್ಟುಕೊಳ್ಳಲು ಚೌಕಿಯಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. ಆಮೇಲೆ ಆ ಭಾರದ ಕಿರೀಟ, ಭುಜಕೀರ್ತಿ ಹೊತ್ತು ಕುಣಿಯಬೇಕು. ಬೆಳಗಿನ ಜಾವ ಬಣ್ಣ ತೆಗೆದು ಬೈಕಿನಲ್ಲಿ ಮನೆಗೆ ಹೊರಟ ಕಲಾವಿದರು ಅಪಘಾತಕ್ಕೆ ಸಿಕ್ಕಿದ ಸುದ್ದಿ ಅಲ್ಲಿನ ಪತ್ರಿಕೆ ಓದುವವರಿಗೆ ಹೊಸದಲ್ಲ. ವಿಮಾನ ಹಾರಿಸುವವರು ಎಷ್ಟು ಹೊತ್ತು ಎಚ್ಚರವಿರಬಹುದು ಎನ್ನುವುದಕ್ಕೆ ನಿಯಮಗಳಿವೆ. ಅವರು ತೂಕಡಿಸಿದರೆ ನಾವು ಸಾಯುತ್ತೇವೆ. ಕಲಾವಿದ ತೂಕಡಿಸಿದರೆ ಸಾಯುವವನು ಅವನು.

ಅವರು ತಾವಾಗಿ ಆರಿಸಿಕೊಂಡ ಬದುಕಲ್ಲವೇ ಎನ್ನುವವರಿದ್ದಾರೆ. ಚೆಂಡೆ ಬಿದ್ದರೆ ಜ್ವರವೂ ಇಳಿಯುತ್ತದೆ ಎಂದು ಕಲಾವಿದರೇ ಹೇಳುವುದುಂಟು, ಅದು ಸುಳ್ಳೂ ಅಲ್ಲ. ಆದರೆ ಇಳಿದ ಜ್ವರ ಎಲ್ಲಿಗೆ ಹೋಯಿತು? ಆ ಹೊತ್ತಿನ ಹುರುಪು ಸಾಲದ ಹಣ. ಖಾತೆಯಲ್ಲಿ ಹಣ ಕಂಡ ಮಾತ್ರಕ್ಕೆ ಅದು ಆದಾಯವಾಗುವುದಿಲ್ಲ. ರಂಗದ ಮೇಲೆ ಪ್ರಾಣ ಬಿಟ್ಟವರನ್ನು ಪುಣ್ಯವಂತರೆನ್ನುವ ರೂಢಿ ನಮ್ಮಲ್ಲಿದೆ. ದುಃಖದಲ್ಲಿರುವ ಮನೆಯವರಿಗೆ ಅದು ಸಮಾಧಾನದ ಮಾತು, ಇರಲಿ. ಮೇಳದ ಯಜಮಾನರೂ ಸಂಘಟಕರೂ ಅದೇ ಮಾತಾಡಿದರೆ ನನಗೆ ಕಸಿವಿಸಿಯಾಗುತ್ತದೆ.

ಮೋಲಿಯೇರ್‌ನ ಕಥೆ ಬಹಳ ಜನರಿಗೆ ಗೊತ್ತು. 1673ರ ಫೆಬ್ರವರಿ 17ರಂದು, ಇಲ್ಲದ ರೋಗ ಇದೆಯೆಂದು ನರಳುವವನ ಪಾತ್ರವನ್ನು, ಇದ್ದ ರೋಗವನ್ನು ಅದುಮಿಕೊಂಡು ಆಡಿದ. ಅಂದೇ ರಾತ್ರಿ ಮನೆಯಲ್ಲಿ ಸತ್ತ. ಇವತ್ತು ಬೇಡ ಎಂದು ಹತ್ತಿರದವರು ಬೇಡಿಕೊಂಡಾಗ, ದಿನಗೂಲಿ ನಂಬಿದ ಐವತ್ತು ಮಂದಿ ಕೆಲಸದವರ ಗತಿಯೇನು ಎಂದು ಕೇಳಿದನಂತೆ. ಅವನ ಚರಿತ್ರೆ ಬರೆದ ಗ್ರಿಮಾರೆಸ್ಟ್ ಹೀಗೆ ಹೇಳುತ್ತಾನೆ. ಇದನ್ನು ತ್ಯಾಗದ ಕಥೆಯಾಗಿ ಓದುವವರೇ ಹೆಚ್ಚು. ನಾನು ಓದುವುದು ಕೂಲಿಯ ಕಥೆಯಾಗಿ. ಒಂದು ದಿನ ಆಟ ನಿಂತರೆ ಐವತ್ತು ಮನೆಗಳ ಒಲೆ ಆರುತ್ತದೆ ಎಂದಾದರೆ, ಅಲ್ಲಿ ದೊಡ್ಡದಾಗಿದ್ದದ್ದು ಕಲೆಯ ಮೇಲಿನ ಪ್ರೀತಿಯೋ ಖಾಲಿ ಪೆಟ್ಟಿಗೆಯೋ? ನಮ್ಮ ಲೆಕ್ಕಶಾಸ್ತ್ರದಲ್ಲಿ ಪ್ರಾವಿಷನ್ ಎಂಬುದೊಂದಿದೆ. ಯಾವಾಗ, ಎಷ್ಟು ಕೊಡಬೇಕಾದೀತು ಎಂದು ಖಚಿತವಿಲ್ಲದಿದ್ದರೂ, ಕೊಡಬೇಕಾಗುವುದು ಬಹುಪಾಲು ಖಚಿತವಾದ ಬಾಧ್ಯತೆಗೆ ಇವತ್ತೇ ಹಣ ತೋರಿಸಬೇಕು. ಆರು ತಿಂಗಳು ಕುಣಿಯುವ ನಲವತ್ತು ಮಂದಿಯಲ್ಲಿ ಕೆಲವರು ಕಾಯಿಲೆ ಬೀಳುವುದು ಆಕಸ್ಮಿಕವಲ್ಲ. ಅದಕ್ಕೆ ಬದಲಿ ಕಲಾವಿದ, ಸಂಬಳದ ರಜೆ ಇಟ್ಟುಕೊಳ್ಳದ ಲೆಕ್ಕಕ್ಕೆ ನಾನಾದರೆ ಸಹಿ ಹಾಕುವುದಿಲ್ಲ. ವೆಸ್ಟ್ ಎಂಡ್‌ನ ಆ ಚೀಟಿ ಅಂಥ ಪ್ರಾವಿಷನ್ನಿನ ರಸೀದಿ. ಇನ್ನೊಬ್ಬರು ತಿಂಗಳುಗಟ್ಟಲೆ ಅದೇ ಪಾತ್ರ ಕಲಿತು ತೆರೆಯ ಹಿಂದೆ ಕಾದಿದ್ದಾರೆ. ಅದರ ಖರ್ಚು ನನ್ನ ಟಿಕೆಟ್ಟಿನಲ್ಲಿ ಸೇರಿದೆ, ಸೇರಬೇಕಾದ್ದೇ.

ಹಾಗೆಂದು ನಷ್ಟವೇ ಇಲ್ಲವೆಂದಲ್ಲ. ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ, ನಡುರಾತ್ರಿಗೆ ಮಂಗಳ. ಬೆಳಗಾಗುವ ಹೊತ್ತಿನ ಭಾಗವತಿಕೆಗೆ ಇದ್ದ ಗುಂಗು ಅದರಲ್ಲಿಲ್ಲ ಎನ್ನುವ ಹಿರಿಯರ ದೂರು ನನಗೆ ನಿಜವೆನಿಸುತ್ತದೆ. ಆ ಗುಂಗನ್ನು ಕಳೆದುಕೊಳ್ಳಬೇಕಾದವರು ಮಾತ್ರ ನಾವೇ. ಹರಕೆ ಹೊತ್ತವರು ದೇವಿಗೆ ಒಪ್ಪಿಸಿದ್ದು ಆಟವನ್ನು. ಇಂಥವರೇ ಮಹಿಷಾಸುರನಾಗಬೇಕು ಎನ್ನುವುದು ದೇವಿಯ ಬೇಡಿಕೆಯಲ್ಲ.

ಪರದೇಶದ ನಾವು ಇದರಿಂದ ಹೊರಗಿಲ್ಲ. ಬೇಸಿಗೆ ಬಂತೆಂದರೆ ಕನ್ನಡ ಸಂಘಗಳು ಊರಿನಿಂದ ನಾಟಕ, ಯಕ್ಷಗಾನದ ತಂಡ ಕರೆಸುತ್ತವೆ. ಲೆಕ್ಕ ಬಲ್ಲವನೆಂದು ಬಜೆಟ್ಟಿನ ಹಾಳೆ ನನ್ನ ಕೈಗೂ ಬರುವುದುಂಟು. ವಿಮಾನ, ವೀಸಾ, ಸಭಾಂಗಣ, ಧ್ವನಿವರ್ಧಕ, ಊಟ, ಶಾಲು, ಹಾರ, ಎಲ್ಲಕ್ಕೂ ಸಾಲಿದೆ. ವಿಶ್ರಾಂತಿಯ ದಿನ ಎಂಬ ಸಾಲು ನಾನು ಸೇರಿಸುತ್ತೇನೆ. ಸಮಿತಿಯಲ್ಲಿ ಮೊದಲು ಹೊಡೆದು ಹಾಕುವುದೂ ಅದನ್ನೇ. ಶನಿವಾರ ಒಂದು ಊರು, ಭಾನುವಾರ ಇನ್ನೊಂದು, ನಡುವೆ ನಾಲ್ಕು ಗಂಟೆ ವ್ಯಾನಿನಲ್ಲಿ. ಸೋಮವಾರ ಖಾಲಿಯಿದೆಯಲ್ಲ ಎಂದರೆ ಅವತ್ತು ಊರು ತೋರಿಸುವ ಕಾರ್ಯಕ್ರಮ. ಪ್ರೀತಿಯಿಂದಲೇ, ಅದರಲ್ಲಿ ಸಂಶಯವಿಲ್ಲ. ರಾತ್ರಿ ಯಾರದೋ ಮನೆಯಲ್ಲಿ ಬಿಸಿಬೇಳೆಬಾತ್, ಹೋಳಿಗೆ. ಊಟ ಮುಗಿಯುತ್ತಿದ್ದಂತೆ ಒಬ್ಬರು ಫೋನು ಎತ್ತಿ ಹಿಡಿದು ‘ಸಾರ್, ಮಕ್ಕಳಿಗೋಸ್ಕರ ಒಂದೇ ಒಂದು ಡೈಲಾಗ್’ ಅನ್ನುತ್ತಾರೆ. ಅವರು ಕೈ ತೊಳೆದು ಬಂದು, ಕುರ್ಚಿ ಹಿಂದೆ ಸರಿಸಿ, ಎದ್ದು ನಿಂತು ಹೇಳುತ್ತಾರೆ.