ಇಂದಿನ ಧಮ್ಮ ಚಿಂತನೆ: ಬಾಯಿ ಬಿಟ್ಟು ಹೇಳಲಾಗದ ರೋಗಿ





ಕಳೆದ ಭಾನುವಾರ ಮಾರತ್ತಹಳ್ಳಿಯ ನಮ್ಮ ಅಧ್ಯಯನ ಕೂಟದಲ್ಲಿ ಹಿರಿಯ ಅಣ್ಣ ಒಬ್ಬರು ನನ್ನನ್ನು ನೇರವಾಗಿ ಕೇಳಿದರು: "ನಮ್ಮ ಕೇರಿಗಳಲ್ಲಿ ಶುಗರ್ ಇರೋ ಎಷ್ಟೋ ತಾಯಂದಿರು ಸರಿಯಾದ ಔಷಧಿ ಇಲ್ಲದೆ ನರಳ್ತಾ ಇದಾರೆ. ನೀನು ಬೆಕ್ಕಿಗೆ ದುಬಾರಿ ಇನ್ಸುಲಿನ್ ಚುಚ್ಚುತಾ ಇದೀಯ. ಇದು ಕರುಣೆನಾ, ಶೋಕಿನಾ?"

ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ವಾರವಿಡೀ ಯೋಚಿಸಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಮನೆಯ ಬೆಕ್ಕು ಕೆಂಪನಿಗೆ ಒಂಬತ್ತು ವರ್ಷ. ಕಳೆದ ವರ್ಷ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದ. ತಿಂದರೂ ಸೊರಗಿದ. ಹಿಂಗಾಲು ಊರಲಾಗದೆ ತೆವಳುವಂತೆ ನಡೆದ. ಪಶುವೈದ್ಯರು ಮಧುಮೇಹ ಎಂದರು. ಮೊದಲು ಕೊಟ್ಟದ್ದು ಮನುಷ್ಯರೂ ಬಳಸುವ, ಹಾಲಿನ ಹಾಗೆ ಮಬ್ಬಾಗಿರುವ ಇನ್ಸುಲಿನ್. ಚುಚ್ಚಿದ ಕೆಲವು ಗಂಟೆಗಳಲ್ಲಿ ಸಕ್ಕರೆ ಧಡಕ್ಕನೆ ಇಳಿಯುತ್ತಿತ್ತು, ಸಂಜೆಗೆ ಮತ್ತೆ ಏರುತ್ತಿತ್ತು. ಬೆಕ್ಕಿನ ಮೈ ಇಂಥ ಇನ್ಸುಲಿನ್ ಅನ್ನು ಮನುಷ್ಯರಿಗಿಂತ ಬೇಗ ಮುಗಿಸಿಬಿಡುತ್ತದಂತೆ. ಅದಕ್ಕೇ ವೈದ್ಯರು ಗ್ಲಾರ್ಜಿನ್ ಎಂಬ, ನಿಧಾನವಾಗಿ ಕೆಲಸ ಮಾಡುವ ತಿಳಿ ಇನ್ಸುಲಿನ್‌ಗೆ ಬದಲಾಯಿಸಿದರು.

ಬದಲಾಯಿಸುವ ದಿನ ಅವರು ಎರಡು ಸಿರಿಂಜ್ ಮೇಜಿನ ಮೇಲಿಟ್ಟರು. ಕೆಂಪು ಮುಚ್ಚಳದ್ದು ಒಂದು ಎಂಎಲ್‌ಗೆ 40 ಯೂನಿಟ್ ಇರುವ ಹಳೆಯ ಔಷಧಿಗೆ. ಕಿತ್ತಳೆ ಮುಚ್ಚಳದ್ದು ಒಂದು ಎಂಎಲ್‌ಗೆ 100 ಯೂನಿಟ್ ಇರುವ ಹೊಸದಕ್ಕೆ. ಹೊಸ ಔಷಧಿಯನ್ನು ಹಳೆಯ ಸಿರಿಂಜಿನಲ್ಲಿ 2ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 2 ಅಲ್ಲ, 5 ಯೂನಿಟ್. ಅಷ್ಟಕ್ಕೆ ಬೆಕ್ಕಿನ ಪ್ರಾಣವೇ ಹೋಗಬಹುದು. ಪ್ರೀತಿ ಎಷ್ಟೇ ಇರಲಿ, ತಿಳಿವಳಿಕೆ ಇಲ್ಲದಿದ್ದರೆ ಅದೇ ಕೈ ಕೊಲ್ಲುತ್ತದೆ. ಬಾಬಾಸಾಹೇಬರು ಪ್ರಜ್ಞೆ, ಕರುಣೆ ಎರಡನ್ನೂ ಜೊತೆಯಾಗಿ ಹೇಳಿದ್ದು ಯಾಕೆಂದು ನನಗೆ ಆ ಮೇಜಿನ ಮುಂದೆ ಅರ್ಥವಾಯಿತು.

ಆಮೇಲೆ ವೈದ್ಯರು ಸಕ್ಕರೆ ತೀರಾ ಇಳಿದಾಗಿನ ಲಕ್ಷಣಗಳನ್ನು ಹೇಳಿದರು: ಸುಸ್ತು, ನಡುಕ, ತೂರಾಡುವುದು, ಕೊನೆಗೆ ಫಿಟ್ಸ್. ಹಾಗಾದರೆ ಒಸಡಿಗೆ ಜೇನುತುಪ್ಪ ಸವರಿ ತಕ್ಷಣ ಕರೆತನ್ನಿ ಎಂದರು. ಬುಟ್ಟಿ ಹಿಡಿದು ಹಿಂದೆ ನಿಂತಿದ್ದ ನಮ್ಮಮ್ಮ ಮೆಲ್ಲಗೆ ಅಂದರು: "ನನಗೂ ಹಂಗೇ ಆಗ್ತದಲ್ಲಪ್ಪಾ."

ಅಮ್ಮ ಇಲ್ಲೇ ಹತ್ತಿರದ ಒಂದು ಪಿ.ಜಿ.ಯಲ್ಲಿ ಅಡುಗೆ ಮಾಡುತ್ತಾರೆ. ಬೆಳಿಗ್ಗೆ ಆರಕ್ಕೆ ಇನ್ಸುಲಿನ್ ಚುಚ್ಚಿಕೊಂಡು ಹೊರಟರೆ, ಹುಡುಗರ ತಿಂಡಿ ಮುಗಿಸಿ ತಾವು ತಿನ್ನುವಾಗ ಹತ್ತು ದಾಟಿರುತ್ತದೆ. ಒಂಬತ್ತರ ಹೊತ್ತಿಗೆ ಕೈ ನಡುಗುತ್ತದೆ, ಬೆವರುತ್ತದೆ. ಗೋಡೆ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಾರೆ.

"ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ನೀನು ರಜ ಹಾಕಬೇಕಾಗಿತ್ತು."

ಕೆಂಪನ ಸಕ್ಕರೆ ಬರೆಯಲು ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ತಾರೀಖು, ಹೊತ್ತು, ಕಿವಿಯಂಚಿನ ಒಂದು ಹನಿ ರಕ್ತದಲ್ಲಿ ಬಂದ ಸಂಖ್ಯೆ, ತಿಂದದ್ದು ಎಷ್ಟು, ಎಲ್ಲವೂ ಅದರಲ್ಲಿತ್ತು. ಅಮ್ಮನ ಹೆಸರಿನಲ್ಲಿ ಒಂದು ಹಾಳೆಯೂ ಇರಲಿಲ್ಲ.

ಬಂಧುಗಳೇ, ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆ ಕೆಟ್ಟು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಬುದ್ಧರು ಆನಂದನ ಜೊತೆ ಸೇರಿ ತಾವೇ ತೊಳೆದು ಮಲಗಿಸಿದರು. ಅವನಿಂದ ತಮಗೇನೂ ಉಪಯೋಗವಿಲ್ಲ ಎಂದು ಉಳಿದವರು ಅವನನ್ನು ಬಿಟ್ಟಿದ್ದರು. ಅದೇ ಸಂದರ್ಭದಲ್ಲಿ ಬುದ್ಧರು ಒಳ್ಳೆಯ ಶುಶ್ರೂಷಕನ ಐದು ಗುಣಗಳನ್ನು ತಿಳಿಸುತ್ತಾರೆ. ಔಷಧಿ ಸಿದ್ಧಪಡಿಸಲು ಬರಬೇಕು. ರೋಗಿಗೆ ಒಗ್ಗುವುದು ಯಾವುದು, ಒಗ್ಗದ್ದು ಯಾವುದು ಎಂದರಿತು ಒಗ್ಗದ್ದನ್ನು ದೂರ ಮಾಡಬೇಕು. ಲಾಭಕ್ಕಲ್ಲ, ಮೈತ್ರಿಯಿಂದ ಸೇವೆ ಮಾಡಬೇಕು. ಮಲ, ಮೂತ್ರ, ವಾಂತಿಗೆ ಅಸಹ್ಯಪಡಬಾರದು. ಧಮ್ಮದ ಮಾತಿನಿಂದ ಧೈರ್ಯ ತುಂಬಬೇಕು.

ರೋಗಿಗೂ ಅಲ್ಲಿ ಕರ್ತವ್ಯಗಳಿವೆ. ಅವುಗಳಲ್ಲಿ ಒಂದು, ತನ್ನ ರೋಗ ಏರಿದೆಯೋ ಇಳಿದಿದೆಯೋ ಎಂಬುದನ್ನು ಇದ್ದಂತೆ ಹೇಳುವುದು. ಕೆಂಪನಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಅವನ ಪಾಲಿನ ಆ ಕೆಲಸವೂ ನೋಡಿಕೊಳ್ಳುವವರ ಮೇಲೆಯೇ ಬೀಳುತ್ತದೆ. ಆದರೆ ಮಾತು ಬರುವ ಅಮ್ಮ ಯಾಕೆ ಹೇಳಲಿಲ್ಲ? ತನ್ನ ನೋವು ಮನೆಯವರಿಗೆ ಖರ್ಚು ಎಂದು ಬಗೆದವರಿಗೆ ಬಾಯಿ ಇದ್ದೂ ಇಲ್ಲದಂತೆಯೇ. ಅವರು ಹೇಳಲಿ ಎಂದು ಕಾಯುವುದು ಮೈತ್ರಿಯಲ್ಲ. ನಾವೇ ಹೋಗಿ ಕೇಳಬೇಕು.

ಈಗ ಅಣ್ಣನ ಪ್ರಶ್ನೆಗೆ ಬರುತ್ತೇನೆ. ಅದರಲ್ಲಿ ಅರ್ಧ ಸತ್ಯವಿದೆ. ಹಣ ಹಂಚಿದರೆ ಕಡಿಮೆಯಾಗುತ್ತದೆ. ಅಮ್ಮನ ಔಷಧಿ ನಿಲ್ಲಿಸಿ ಬೆಕ್ಕಿಗೆ ತಂದಿದ್ದರೆ ಅದು ತಪ್ಪೇ. ಆದರೆ ನಮ್ಮ ಮನೆಯಲ್ಲಿ ಕೊರತೆಯಾಗಿದ್ದು ಹಣವಲ್ಲ, ಗಮನ. ಗಮನ ಹಂಚಿದರೆ ಕಡಿಮೆಯಾಗುವುದಿಲ್ಲ. ಬೆಕ್ಕಿನ ನಡುಕ ಗುರುತಿಸಲು ಕಲಿತದ್ದರಿಂದಲೇ ಅಮ್ಮನ ನಡುಕ ನನಗೆ ಕಂಡಿತು. ಕೆಂಪ ಅಮ್ಮನ ಪಾಲನ್ನು ಕಸಿಯಲಿಲ್ಲ, ಅಮ್ಮನ ಕಡೆಗೆ ದಾರಿ ತೋರಿಸಿದ.

ಇನ್ನೊಂದು ಮಾತು. ಮನುಷ್ಯರ ಔಷಧಿ ಬೆಕ್ಕಿಗೇಕೆ ಎನ್ನುವವರು ಇದನ್ನೂ ನೆನೆಯಬೇಕು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದದ್ದು ನಾಯಿಗಳ ಮೇಲೆ ಪ್ರಯೋಗ ಮಾಡಿ. ಆಮೇಲೆ ಆರು ದಶಕಗಳ ಕಾಲ ಮನುಷ್ಯರನ್ನು ಉಳಿಸಿದ್ದು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್. ಇವತ್ತು ಬ್ಯಾಕ್ಟೀರಿಯಾ, ಯೀಸ್ಟ್‌ಗಳಿಂದ ತಯಾರಾಗುತ್ತದೆ. ನಮ್ಮದೇ ಬೆಂಗಳೂರಿನ ಬಯೋಕಾನ್ ಕೂಡ ಯೀಸ್ಟ್‌ನಿಂದಲೇ ಮಾಡುತ್ತದೆ. ಪ್ರಾಣಿಗಳ ಋಣದಿಂದ ಬಂದ ಔಷಧಿ ಒಂದು ಪ್ರಾಣಿಗೆ ಹನಿಯಷ್ಟು ಹಿಂದಿರುಗಿದರೆ ಅದು ಶೋಕಿ ಅಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳಿಗೂ ದಯೆ ತೋರಿ ಕಾಪಾಡುವುದೂ ಒಂದು. ಅವರು ಸ್ವತಃ ಮಧುಮೇಹದಿಂದ ನರಳಿದವರು. 1948ರಲ್ಲಿ ಅವರ ಬಾಳಸಂಗಾತಿಯಾದ ಡಾ. ಸವಿತಾ ಅವರು ವೈದ್ಯೆಯಾಗಿ ಅವರ ಆರೈಕೆ ಮಾಡಿದವರು.

ಹಾಗೆಂದು ಕೇರಿಯ ತಾಯಂದಿರ ಮಾತು ಇಲ್ಲಿಗೇ ಮುಗಿಯಬಾರದು. 1923ರಲ್ಲಿ ಇನ್ಸುಲಿನ್ ಪೇಟೆಂಟನ್ನು ಅದನ್ನು ಕಂಡುಹಿಡಿದವರು ತಲಾ ಒಂದೇ ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ನೂರು ವರ್ಷ ಕಳೆದ ಮೇಲೂ ಅದು ಬಡವರಿಗೆ ಸರಿಯಾಗಿ ತಲುಪದಿದ್ದರೆ ತಪ್ಪು ಬೆಕ್ಕಿನದಲ್ಲ, ವ್ಯವಸ್ಥೆಯದು. ಅದನ್ನು ಕೇಳುವುದು, ಸಂಘಟಿತರಾಗಿ ಪಡೆಯುವುದು ನಮ್ಮ ಕೆಲಸ.

ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ದೆ. ಬೆಳಗಿನ ಡೋಸ್ ಸ್ವಲ್ಪ ಇಳಿಸಿದರು. ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ತಿಂಡಿ ತಿನ್ನಲೇಬೇಕು ಎಂದರು. ಈಗ ಅಮ್ಮ ಮೊದಲು ತಾವು ತಿಂದು, ಆಮೇಲೆ ಬಡಿಸುತ್ತಾರೆ. ನೋಟ್‌ಬುಕ್‌ನಲ್ಲಿ ಎಡಗಡೆ ಕೆಂಪ, ಬಲಗಡೆ ಅಮ್ಮ. (ಇದನ್ನು ಓದಿ ಯಾರೂ ಡೋಸ್ ಅಥವಾ ಔಷಧಿ ತಾವಾಗಿಯೇ ಬದಲಿಸಬೇಡಿ, ವೈದ್ಯರನ್ನು ಕೇಳಿ.)

*ಇಂದಿನ ಅಭ್ಯಾಸ:* ನಿಮ್ಮ ಮನೆಯಲ್ಲಿ ತನ್ನ ನೋವು ಹೇಳದವರು ಯಾರು? ಇವತ್ತು ಸಂಜೆ ಅವರ ಪಕ್ಕ ಹತ್ತು ನಿಮಿಷ ಕುಳಿತು ಕೇಳಿ. ಭಾನುವಾರ ಕೂಟದಲ್ಲಿ ಮಾತಾಡೋಣ.

ಭವತು ಸಬ್ಬ ಮಂಗಲಂ 🪷
ಜೈ ಭೀಮ್