ಅಸ್ತ್ರ ಕೈಕೊಟ್ಟ ಮೇಲೆ

ಹಣೆಯಲ್ಲಿ ಬರೆದದ್ದು ತಪ್ಪುವುದಿಲ್ಲ ಎನ್ನುವವರು, ಮಾನ ಕಳೆದುಕೊಂಡು ಬದುಕಬಾರದು ಎಂದೂ ಅಷ್ಟೇ ಖಚಿತವಾಗಿ ಹೇಳುತ್ತಾರೆ. ಈ ಎರಡು ಮಾತುಗಳು ಒಟ್ಟಿಗೆ ನಿಲ್ಲುತ್ತವೆಯೇ? ಆಗುವುದೆಲ್ಲ ಮೊದಲೇ ಗೊತ್ತಾಗಿದ್ದರೆ ಮನುಷ್ಯ ಕಾಪಾಡಿಕೊಳ್ಳುವುದಕ್ಕೆ ಉಳಿಯುವುದಾದರೂ ಏನು? ಈ ಪ್ರಶ್ನೆಗೆ ನಾನು ಬಲ್ಲ ಅತಿ ಚಿಕ್ಕ, ಅತಿ ಗಟ್ಟಿ ಉತ್ತರ ‘ಕರ್ಣಭಾರ’ ಎಂಬ ಏಕಾಂಕದಲ್ಲಿದೆ. ಟಿ. ಗಣಪತಿ ಶಾಸ್ತ್ರಿಗಳಿಗೆ 1909ರಲ್ಲಿ ತಿರುವಾಂಕೂರು ಸೀಮೆಯಲ್ಲಿ ಸಿಕ್ಕ ತಾಳೆಗರಿ ನಾಟಕಗಳಲ್ಲಿ ಇದೂ ಒಂದು. ಅವೆಲ್ಲ ಸಂಸ್ಕೃತ ನಾಟಕಕಾರ ಭಾಸನವೇ ಎಂಬ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ನನ್ನ ಮಾತಿಗೆ ಆ ಜಗಳ ಅಡ್ಡಿಯಾಗದು. ಬರೆದವನು ಯಾರೇ ಇರಲಿ, ಮೂಲ ಕಥೆಯನ್ನು ಎಲ್ಲಿ ಮುರಿದು ಕಟ್ಟಿದ ಎಂಬುದರಲ್ಲೇ ಅವನ ವಿಚಾರ ಕಾಣುತ್ತದೆ.

ವ್ಯಾಸಭಾರತದಲ್ಲಿ ಇಂದ್ರ ಕರ್ಣನ ಕವಚಕುಂಡಲ ಬೇಡಲು ಬರುವುದು ವನಪರ್ವದಲ್ಲಿ, ಯುದ್ಧಕ್ಕೆ ಬಹಳ ಮೊದಲು. ಸೂರ್ಯ ಮಗನಿಗೆ ಮುಂಚೆಯೇ ಎಚ್ಚರಿಕೆ ಕೊಟ್ಟಿರುತ್ತಾನೆ. ಕರ್ಣನೂ ಪ್ರತಿಯಾಗಿ ಶಕ್ತ್ಯಾಯುಧವನ್ನು ಕೇಳಿ ಪಡೆಯುತ್ತಾನೆ. ಭಾಸ ಆ ಎಚ್ಚರಿಕೆಯನ್ನೂ ಚೌಕಾಸಿಯನ್ನೂ ತೆಗೆದುಹಾಕಿ, ದಾನವನ್ನು ತಂದು ರಣರಂಗದ ಅಂಚಿನಲ್ಲಿ ನಿಲ್ಲಿಸುತ್ತಾನೆ. ಕರ್ಣ ಹೋಗುತ್ತಿರುವುದೇ ಅರ್ಜುನನ ಎದುರಿಗೆ. ದಾರಿಯಲ್ಲಿ ಸಾರಥಿ ಶಲ್ಯನಿಗೆ ಪರಶುರಾಮನ ಶಾಪದ ಕಥೆ ಹೇಳುತ್ತಾನೆ: ಗುರುವಿನ ನಿದ್ದೆ ಕೆಡಬಾರದೆಂದು ತೊಡೆ ಕೊರೆಯುವ ಹುಳುವನ್ನು ಸಹಿಸಿದ್ದು, ನೆತ್ತರ ತೇವಕ್ಕೆ ಗುರು ಎಚ್ಚೆತ್ತದ್ದು, ಕ್ಷತ್ರಿಯನಲ್ಲವೆಂದು ಹೇಳಿದ್ದ ಸುಳ್ಳು ಬಯಲಾದದ್ದು. ಹೇಳಿ ಮುಗಿಸಿ ಅಸ್ತ್ರಗಳನ್ನು ಪರೀಕ್ಷಿಸಿದರೆ, ಶಾಪದಂತೆಯೇ ಅವುಗಳಲ್ಲಿ ಕಸುವೇ ಇಲ್ಲ. ಕುದುರೆಗಳೂ ಮುಗ್ಗರಿಸುತ್ತಿವೆ. ಬೇಡುವವನು ಬರುವುದು ಇಷ್ಟೆಲ್ಲ ಆದ ಮೇಲೆ. ಅಂದರೆ ಸೋಲಿನ ನೆರಳು ಕಂಡ ಮೇಲೆ ಕೊಟ್ಟ ದಾನ ಇದು. ಫಲವನ್ನು ವಿಧಿ ಕಸಿದುಕೊಂಡ ಮೇಲೂ ನಡತೆಯೊಂದು ಮನುಷ್ಯನ ಕೈಯಲ್ಲಿ ಉಳಿದಿರುತ್ತದೆ, ಮಾನ ಇರುವುದು ಅಲ್ಲಿ ಎಂಬುದು, ನಾನು ಓದಿಕೊಂಡಂತೆ, ಭಾಸನ ನಿಲುವು.

ಬ್ರಾಹ್ಮಣ ವೇಷದ ಇಂದ್ರನ ಪಾಡು ನೋಡಬೇಕು. ನಮಸ್ಕರಿಸಿದ ಕರ್ಣನಿಗೆ ದೀರ್ಘಾಯು ಎನ್ನುವಂತಿಲ್ಲ, ಅಂದರೆ ಬದುಕಿಬಿಡುತ್ತಾನೆ; ಸುಮ್ಮನಿದ್ದರೆ ದಡ್ಡ ಎಂದುಕೊಳ್ಳುತ್ತಾನೆ. ತಡವರಿಸಿ, ನಿನ್ನ ಕೀರ್ತಿ ಸ್ಥಿರವಾಗಲಿ ಎಂದು ಹರಸಿ ಜಾರಿಕೊಳ್ಳುತ್ತಾನೆ. ದೇವರಾಜನ ಬಾಯಲ್ಲಿ ಪ್ರಾಕೃತ, ಸೂತಪುತ್ರನೆನಿಸಿಕೊಂಡವನ ಬಾಯಲ್ಲಿ ಸಂಸ್ಕೃತ! ಹಸು, ಕುದುರೆ, ಆನೆ, ಚಿನ್ನ, ಭೂಮಿ, ಯಜ್ಞದ ಫಲ, ಕೊನೆಗೆ ತಲೆ — ಕರ್ಣ ಕೊಡಬಂದ ಯಾವುದೂ ಬೇಡ ಇಂದ್ರನಿಗೆ. ಕವಚದ ಹೆಸರನ್ನು ಅವನು ಎತ್ತುವುದೇ ಇಲ್ಲ; ಎತ್ತುವವನು ಕರ್ಣನೇ. ಇದು ಕೃಷ್ಣನ ಹೂಟವಿರಬಹುದೇ ಎಂಬ ಅನುಮಾನ ಆ ಕ್ಷಣದಲ್ಲಿ ಹೊಳೆದರೂ, ಆಡಿದ ಮೇಲೆ ಕೊರಗುವುದು ಸಲ್ಲದೆಂದು ಕೊಟ್ಟುಬಿಡುತ್ತಾನೆ.

ಇದು ಬರಿಯ ಕೀರ್ತಿಯ ಹಸಿವು ಎನ್ನಬಹುದು. ಮೋಸಹೋದೆಯಲ್ಲಾ ಎಂದ ಶಲ್ಯನಿಗೆ ಕರ್ಣ, ಮೋಸಹೋದವನು ಇಂದ್ರ ಎನ್ನುವಾಗ ಗರ್ವ ಇಣುಕುವುದು ನಿಜ. ಆದರೆ ಪಶ್ಚಾತ್ತಾಪಪಟ್ಟ ಇಂದ್ರ ದೂತನ ಮೂಲಕ ಶಕ್ತ್ಯಾಯುಧ ಕಳಿಸಿದಾಗ, ಕೊಟ್ಟದ್ದಕ್ಕೆ ಪ್ರತಿಫಲ ಒಲ್ಲೆ ಎಂದು ಕರ್ಣ ನಿರಾಕರಿಸುತ್ತಾನೆ. ಬ್ರಾಹ್ಮಣನ ಮಾತೆಂದು ಸ್ವೀಕರಿಸು ಎಂದು ದೂತ ಹೇಳಿದ ಮೇಲಷ್ಟೇ ಒಪ್ಪುತ್ತಾನೆ. ವ್ಯಾಪಾರದ ಲೆಕ್ಕ ಇಲ್ಲಿ ಕೂಡುವುದಿಲ್ಲ. ಇದಕ್ಕಿಂತ ಕಠಿಣವಾದ ಆಕ್ಷೇಪ ದುರ್ಯೋಧನನದು. ಉಪ್ಪು ತಿಂದ ಮನೆಯ ಕಾವಲನ್ನು ಸ್ವಂತ ವ್ರತಕ್ಕಾಗಿ ಬಿಟ್ಟುಕೊಡುವುದು ಯಾವ ಮಾನ? ಕೊಡಬೇಡ, ಕೊಡಬೇಡ ಎಂದು ಶಲ್ಯ ತಡೆಯುವಾಗ ನ್ಯಾಯ ಅವನ ಕಡೆಗೂ ಇದೆ. ಕರ್ಣನ ಬಳಿ ಇದಕ್ಕೆ ಪೂರ್ಣ ಉತ್ತರವಿಲ್ಲ. ವಿದ್ಯೆ ಕಾಲದಲ್ಲಿ ನಶಿಸುತ್ತದೆ, ಮರ ಉರುಳುತ್ತದೆ, ಕೊಟ್ಟದ್ದು ಉಳಿಯುತ್ತದೆ ಎಂಬ ಅವನ ಸಮಾಧಾನ ದಾನಿಗೆ ಸಾಕು, ಸ್ನೇಹಿತನಿಗೆ ಸಾಲದು. ಅವನ ಮಾನ ಅವನನ್ನು ವಿಧಿಯಿಂದ ಬಿಡಿಸಿತೇ ಹೊರತು ಋಣದಿಂದ ಬಿಡಿಸಲಿಲ್ಲ.

ಆದರೂ ನಾಟಕದ ಎರಡು ತುದಿಗಳನ್ನು ಒಟ್ಟಿಗಿಟ್ಟು ನೋಡಿ. ಅರ್ಜುನನಿರುವಲ್ಲಿಗೆ ರಥ ಹೊಡೆ ಎಂದು ಕರ್ಣ ಮೊದಲಿಗೆ ಶಲ್ಯನಿಗೆ ಹೇಳುವಾಗ ಮೈಮೇಲೆ ಕವಚವಿದೆ, ಮನಸ್ಸು ಕುಗ್ಗಿದೆ. ಕೊನೆಯಲ್ಲಿ ಶಂಖದ ಸದ್ದು ಕೇಳಿ ಅದೇ ಮಾತನ್ನು ಮತ್ತೆ ಹೇಳುತ್ತಾನೆ. ಈಗ ಮೈ ಬರಿದು. ಯುದ್ಧವನ್ನು ಭಾಸ ತೋರಿಸುವುದೇ ಇಲ್ಲ.